ಎಐ ಉಳಿಸಿದ ಅರ್ಧ ಗಂಟೆ ಎಲ್ಲಿಗೆ ಹೋಯಿತು?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಕಾರ್ಖಾನೆ. ಮಷೀನ್ ಬಿಡಿಭಾಗ ಮಾಡಿಕೊಡುತ್ತೇವೆ, ಒಟ್ಟು 40 ಜನ ಇದ್ದೇವೆ. ಆರು ತಿಂಗಳಿಂದ ಆಫೀಸಿನವರಿಗೆಲ್ಲ ದುಡ್ಡು ಕೊಟ್ಟು ಎಐ ಹಾಕಿಸಿದ್ದೇನೆ. ಕೊಟೇಶನ್, ಇಮೇಲ್ ಎಲ್ಲ ಅದರಲ್ಲೇ. ಕೇಳಿದರೆ ‘ತುಂಬಾ ಟೈಮ್ ಉಳಿಯುತ್ತೆ ಸರ್’ ಅನ್ನುತ್ತಾರೆ. ತಿಂಗಳ ಕೊನೆಗೆ ಲೆಕ್ಕ ತೆಗೆದರೆ ಏನೂ ಬದಲಾದ ಹಾಗಿಲ್ಲ. ಲಾಭ ಆಗಿದೆಯೋ ಇಲ್ಲವೋ ಹೇಗೆ ತಿಳಿಯೋದು?
– ಒಬ್ಬ ಮಾಲೀಕರು, ಬೆಂಗಳೂರು

ಉತ್ತರ: ನಿಮ್ಮ ಹುಡುಗರು ಸುಳ್ಳು ಹೇಳುತ್ತಿಲ್ಲ ಸರ್. ಅವರಿಗೆ ನಿಜವಾಗಿಯೂ ಹಾಗೇ ಅನಿಸುತ್ತಿದೆ. ಆದರೆ ಅನಿಸಿದ್ದೇ ಬೇರೆ, ಗಡಿಯಾರ ಹೇಳೋದೇ ಬೇರೆ. 2025ರಲ್ಲಿ ಎಐಗಳನ್ನು ಪರೀಕ್ಷಿಸುವ ಅಮೆರಿಕದ ಎಂಇಟಿಆರ್ ಅನ್ನುವ ಸಂಸ್ಥೆ ಇದನ್ನು ಅಳೆದು ನೋಡಿತು. ಪಳಗಿದ 16 ಪ್ರೋಗ್ರಾಮರ್‌ಗಳು, 246 ಕೆಲಸಗಳು. ಯಾವ ಕೆಲಸಕ್ಕೆ ಎಐ ಬಳಸಬಹುದು, ಯಾವುದಕ್ಕೆ ಬೇಡ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಹಂಚಿದರು. ಎಐ ಇದ್ದರೆ ಶೇ. 24ರಷ್ಟು ಸಮಯ ಉಳಿಯುತ್ತೆ ಅಂತ ಅವರೆಲ್ಲ ಮೊದಲು ಅಂದುಕೊಂಡಿದ್ದರು. ಮುಗಿದ ಮೇಲೂ ಶೇ. 20 ಉಳಿಯಿತು ಅಂದರು. ಅಳತೆಯಲ್ಲಿ ಬಂದದ್ದು ಶೇ. 19ರಷ್ಟು ಜಾಸ್ತಿ ಸಮಯ! ವರ್ಷಗಟ್ಟಲೆ ತಾವೇ ಮಾಡಿಕೊಂಡು ಬಂದ ಕೆಲಸ, ಆದರೂ ಅಂದಾಜು ಪೂರ್ತಿ ತಲೆಕೆಳಗಾಯಿತು. ಹಾಗಾಗಿ ‘ಟೈಮ್ ಉಳಿಯಿತಾ’ ಅಂತ ಕೇಳುವುದನ್ನು ಇವತ್ತೇ ಬಿಟ್ಟುಬಿಡಿ.

ಒಂದೇ ಒಂದು ಕೊಟೇಶನ್ ಹಿಡಿದು ಅದರ ಹಿಂದೆ ಹೋಗಿ. ಗ್ರಾಹಕರಿಂದ ಡ್ರಾಯಿಂಗ್ ಬಂತು. ಯಾರೋ ಅದನ್ನು ಓದಬೇಕು, ರಾಡಿನ ಇವತ್ತಿನ ರೇಟು ಕೇಳಬೇಕು, ಲೇತ್ ಮೇಲೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಫೋರ್‌ಮನ್ ಹೇಳಬೇಕು, ಆಮೇಲೆ ಪತ್ರ. ಎಐ ಬಂದ ಮೇಲೆ ಪತ್ರಕ್ಕೆ ಹಿಡಿಯುತ್ತಿದ್ದ ಅರ್ಧ ಗಂಟೆ ಐದು ನಿಮಿಷಕ್ಕೆ ಇಳಿಯಿತು, ಸರಿ. ಆದರೆ ರೇಟಿಗಾಗಿಯೇ ಎರಡು ದಿನ ಕಾಯುತ್ತಿದ್ದರೆ ಕೊಟೇಶನ್ ಗ್ರಾಹಕರ ಕೈ ಸೇರುವುದು ಮೊದಲಿನ ಹಾಗೆ ಮೂರನೇ ದಿನವೇ. ನಿಮ್ಮ ಲೆಕ್ಕದಲ್ಲಿ ಏನೂ ಕಾಣದಿರುವುದಕ್ಕೆ ಬಹುಶಃ ಇದೇ ಕಾರಣ.

ಇನ್ನೊಂದು ಕಾರಣವೂ ಇರಬಹುದು. ಪರಿಚಯದವರ ವರ್ಕ್‌ಶಾಪ್ ಒಂದರಲ್ಲಿ ಕೂತು ನಾನೇ ನೋಡಿದ್ದು. ಎಐ ಬರೆದ ಪತ್ರ ಅಚ್ಚುಕಟ್ಟಾಗಿತ್ತು. ಕೊನೆಯ ಸಾಲಿನಲ್ಲಿ ಮಾತ್ರ ‘ಜಿಎಸ್‌ಟಿ ಸೇರಿ’ ಅಂತ ಇತ್ತು, ಅವರು ಯಾವಾಗಲೂ ಹಾಕುವುದು ‘ಜಿಎಸ್‌ಟಿ ಪ್ರತ್ಯೇಕ’ ಅಂತ. 2 ಲಕ್ಷದ ಆರ್ಡರ್‌ನಲ್ಲಿ ಶೇ. 18ರ ತೆರಿಗೆ ಒಳಗೇ ಸೇರಿಬಿಟ್ಟರೆ ಮಾಲೀಕರ ಕೈಯಿಂದ ಹೋಗುವುದು 30 ಸಾವಿರಕ್ಕೂ ಜಾಸ್ತಿ. ಅಕೌಂಟ್ಸ್ ನೋಡುವ ಮೇಡಂ ಕಳಿಸುವ ಮೊದಲೇ ಹಿಡಿದರು, ಪುಣ್ಯ. ಈಗ ಅವರು ಒಂದೊಂದು ಪತ್ರವನ್ನೂ ಸಾಲಿನ ಮೇಲೆ ಬೆರಳಿಟ್ಟು ಓದುತ್ತಾರೆ. ಆ ಹತ್ತು ನಿಮಿಷವೂ ಎಐ ಖರ್ಚಿಗೇ ಸೇರಬೇಕು ಅಲ್ವಾ?

ಅಳೆಯುವುದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಹೋದ ವರ್ಷದ ಇಮೇಲ್ ತೆಗೆಯಿರಿ, ಎನ್‌ಕ್ವೈರಿ ಯಾವತ್ತು ಬಂತು, ಕೊಟೇಶನ್ ಯಾವತ್ತು ಹೋಯಿತು ಅನ್ನುವುದು ಅಲ್ಲೇ ಇದೆ. ಇನ್ನು ಮುಂದೆ ಎರಡು ತಿಂಗಳು, ಎನ್‌ಕ್ವೈರಿ ನಂಬರ್ ಸರಿಸಂಖ್ಯೆ ಆದರೆ ಎಐ, ಬೆಸ ಆದರೆ ಹಳೇ ರೀತಿ. ಯಾವುದಕ್ಕೆ ಎಐ ಅಂತ ಹುಡುಗರೇ ಆರಿಸಿಕೊಳ್ಳಬಾರದು, ಯಾಕಂದರೆ ಸುಲಭದ್ದನ್ನು ಅದಕ್ಕೆ ಕೊಟ್ಟು ಕಷ್ಟದ್ದನ್ನು ಕೈಯಲ್ಲಿ ಮಾಡಿದರೆ ಹೋಲಿಕೆಯೇ ಕೆಟ್ಟುಹೋಗುತ್ತೆ. ಎಷ್ಟು ದಿನ ಹಿಡಿಯಿತು, ಎಷ್ಟು ಸಲ ತಿದ್ದಿದರು, ಆರ್ಡರ್ ಆಯಿತಾ – ಇಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಆರ್ಡರ್ ವಿಷಯದಲ್ಲಿ ಮಾತ್ರ ಅವಸರ ಮಾಡಬೇಡಿ. ಎರಡು ತಿಂಗಳಲ್ಲಿ ಮೂರು ಆರ್ಡರ್ ಆಚೀಚೆ ಆಗುವುದು ಮಾಮೂಲು, ಅದನ್ನು ಎಐ ತಲೆಗೆ ಕಟ್ಟುವ ಹಾಗಿಲ್ಲ.

ಲಾಭ ಎಲ್ಲಿ ಹುಡುಕಬೇಕು ಅಂತಲೂ ಹೇಳುತ್ತೇನೆ. ಅಮೆರಿಕದ ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್ಯೋಲ್ಫ್‌ಸನ್ ಮತ್ತು ಜೊತೆಗಾರರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 5,179 ಕಸ್ಟಮರ್ ಸಪೋರ್ಟ್ ನೌಕರರ ಕೆಲಸವನ್ನು ನೋಡಿದ್ದರು. ಎಐ ನೆರವು ಸಿಕ್ಕ ಮೇಲೆ ಗಂಟೆಗೆ ಬಗೆಹರಿಸಿದ ದೂರುಗಳು ಸರಾಸರಿ ಶೇ. 14 ಹೆಚ್ಚಿದವು. ಹೊಸಬರಲ್ಲಿ ಶೇ. 34! ಹಳಬರಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ. ಹಳಬರ ಜಾಣತನವನ್ನೇ ಎಐ ಹೊಸಬರ ಕೈಗೆ ದಾಟಿಸುತ್ತಿತ್ತು ಅನ್ನುವುದು ಅವರ ವಿವರಣೆ. ಹಾಗಾಗಿ ನಿಮ್ಮಲ್ಲೂ ಇಪ್ಪತ್ತು ವರ್ಷದಿಂದ ಇರುವ ಮ್ಯಾನೇಜರ್‌ನ ನೋಡಬೇಡಿ. ಹೋದ ತಿಂಗಳು ಸೇರಿದ ಹುಡುಗ ಒಬ್ಬನೇ ಕೂತು ಕೊಟೇಶನ್ ಮಾಡುವುದನ್ನು ಎಷ್ಟು ವಾರದಲ್ಲಿ ಕಲಿತ, ಅದನ್ನು ನೋಡಿ.

ಪ್ರಶ್ನೆ: ನಮ್ಮ ಕಂಪನಿಯಲ್ಲಿ ಯಾರು ಎಷ್ಟು ಸಲ ಎಐ ಬಳಸಿದರು ಅಂತ ಪ್ರತಿ ಸೋಮವಾರ ಪಟ್ಟಿ ಹಾಕುತ್ತಾರೆ. ನಾನು ಯಾವಾಗಲೂ ಕೆಳಗೇ ಇರುತ್ತೇನೆ. ಹೆಸರು ಮೇಲೆ ಬರಲಿ ಅಂತ ಕೆಲವರು ಸುಮ್ನೆ ಏನೇನೋ ಕೇಳುತ್ತಾ ಕೂತಿರುತ್ತಾರೆ. ಇದು ಸರಿಯೇ?
– ಒಬ್ಬ ಓದುಗರು, ಮೈಸೂರು

ಉತ್ತರ: ಸರಿಯಲ್ಲ, ಮತ್ತೆ ನಿಮಗೆ ಬೇಜಾರಾಗುವುದು ನ್ಯಾಯವೇ. ಪಟ್ಟಿ ಎಣಿಸುವುದು ಬಳಕೆಯನ್ನು, ಕೆಲಸವನ್ನಲ್ಲ. ಡೆನ್ಮಾರ್ಕ್‌ನಲ್ಲಿ 25,000 ನೌಕರರ ಮೇಲೆ ನಡೆದು 2025ರಲ್ಲಿ ಬಂದ ಅಧ್ಯಯನದಲ್ಲಿ ಎಐ ಬಳಸುವವರು ತುಂಬಾ ಜನ ಇದ್ದರು. ಉಳಿದ ಸಮಯ ಸರಾಸರಿ ಶೇ. 3ರ ಸುಮಾರು. ಸಂಬಳದಲ್ಲಿ, ಕೆಲಸದ ಗಂಟೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಸಿಗಲಿಲ್ಲ.

ಇನ್ನೊಂದು ಮಾತು. ಉಳಿದ ಸಮಯ ತೋರಿಸಿದರೆ ತನ್ನ ಕುರ್ಚಿಗೇ ಕುತ್ತು ಅಂತ ಹೆದರಿದವರು ನಿಜ ಹೇಳುವುದಿಲ್ಲ. ಆಗ ಯಾವ ಅಳತೆಯೂ ಸರಿ ಬರುವುದಿಲ್ಲ. ನಿಮ್ಮ ಮ್ಯಾನೇಜರ್ ಹತ್ತಿರ ಮೊದಲು ಇದನ್ನೇ ಮಾತಾಡಿ, ಉಳಿದ ಗಂಟೆಯಲ್ಲಿ ಯಾವ ಬಾಕಿ ಕೆಲಸ ಮುಗಿಸೋಣ ಅಂತ ಕೇಳಿ. ಮುಂದಿನ ಸೋಮವಾರ ಆ ಬಾಕಿ ಪಟ್ಟಿಯನ್ನೇ ಹಾಕಲಿ, ಎಷ್ಟು ಕರಗಿತು ಅಂತ ಎಲ್ಲರೂ ನೋಡಬಹುದು.