ಚಿಂಕಾರ ಎಣಿಸಲು ಹೊರಟವರಿಗೆ

ಪ್ರಶ್ನೆ: ನಾವು ಬಾಗಲಕೋಟೆಯ ಎಂ.ಎಸ್ಸಿ. ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳು. ಪ್ರಾಜೆಕ್ಟ್‌ಗಾಗಿ ಯಡಹಳ್ಳಿ ಚಿಂಕಾರ (ಸಣ್ಣ ಹುಲ್ಲೆ) ಅಭಯಾರಣ್ಯದ ರಸ್ತೆಗಳಲ್ಲಿ ಎರಡು ದಿನ ಬೈಕ್ ಮೇಲೆ ಸುತ್ತಿದೆವು. 14 ಚಿಂಕಾರ ಕಂಡವು. ಒಟ್ಟು ಸಂಖ್ಯೆ ಹೇಗೆ ತೆಗೆಯುವುದು?

ಉತ್ತರ: ತೆಗೆಯಲು ಬರುವುದಿಲ್ಲ. ಓಡಾಡುವ ಮೊದಲು ಯಾರೂ ಕೇಳುವುದಿಲ್ಲ, ವರದಿ ಕೊಡುವ ಹೊತ್ತಿಗೆ ಎಲ್ಲರದ್ದೂ ಇದೇ ಪ್ರಶ್ನೆ. ಕಂಡದ್ದು 14, ಸರಿ. ಕಾಣದೆ ಉಳಿದದ್ದು ಎಷ್ಟು? ಬಿಸಿಲಿಗೆ ಜಾಲಿ ನೆರಳಲ್ಲಿ ಮಲಗಿದ ಚಿಂಕಾರ ಮಣ್ಣಿನ ಬಣ್ಣದಲ್ಲೇ ಸೇರಿಹೋಗಿರುತ್ತದೆ. ಎದ್ದು ಓಡುವಾಗ ಆ ಗಿಡ್ಡ ಕಪ್ಪು ಬಾಲ ಅಲ್ಲಾಡಿದರಷ್ಟೇ ಕಣ್ಣಿಗೆ ಬೀಳುವುದು. ಬೆಳಿಗ್ಗೆ ಕಂಡದ್ದೇ ಸಂಜೆ ಮತ್ತೆ ಕಂಡಿರಬಹುದು. ಇನ್ನು ರಸ್ತೆ ಬದಿ ಗಾಡಿ, ನಾಯಿ, ಕುರಿಹಿಂಡು ಎಲ್ಲಾ ಇರುತ್ತವೆ. ಅಲ್ಲಿನ ಲೆಕ್ಕ ಇಡೀ ಅಭಯಾರಣ್ಯಕ್ಕೆ ಹೊಂದುವುದಿಲ್ಲ.

ಸಂಖ್ಯೆಯೇ ಬೇಕಾದರೆ ರಸ್ತೆ ಬಿಡಿ. ನಕ್ಷೆಯ ಮೇಲೆ ಮೊದಲೇ ನೇರ ಗೆರೆಗಳನ್ನು ಎಳೆದು, ಅವುಗಳ ಮೇಲೆ ಸದ್ದಿಲ್ಲದೆ ನಡೆಯಿರಿ. ಪ್ರಾಣಿ ಕಂಡ ಕೂಡಲೇ ರೇಂಜ್‌ಫೈಂಡರ್‌ನಿಂದ ದೂರ, ದಿಕ್ಸೂಚಿಯಿಂದ ಕೋನ ಬರೆದುಕೊಳ್ಳಿ. ಓಡಿ ನಿಂತ ಜಾಗದ್ದಲ್ಲ, ಮೊದಲು ಕಂಡ ಜಾಗದ್ದು! ಇವೆರಡರಿಂದ ಪ್ರಾಣಿ ಗೆರೆಯಿಂದ ಎಷ್ಟು ದೂರವಿತ್ತು ಎಂದು ತಿಳಿಯುತ್ತದೆ. ಗೆರೆಯಿಂದ ದೂರ ಹೋದಂತೆ ಎಷ್ಟು ಪ್ರಾಣಿ ಕಣ್ಣು ತಪ್ಪುತ್ತವೆ ಎಂಬುದು ಆ ದೂರಗಳಿಂದಲೇ ಸಿಗುತ್ತದೆ, ಅದರಿಂದ ಒಟ್ಟು ಸಂಖ್ಯೆ ಅಂದಾಜಿಸಬಹುದು. ಅದಕ್ಕೆ 60ರಿಂದ 80 ಸಲವಾದರೂ ಪ್ರಾಣಿ ಕಂಡಿರಬೇಕು. ಒಂದು ಗುಂಪು ಕಂಡರೆ ಒಂದು ಸಲ ಎಂದೇ ಲೆಕ್ಕ.

ಒಂದು ಸೆಮಿಸ್ಟರ್‌ನಲ್ಲಿ ಅಷ್ಟು ಸಿಗುವುದು ಕಷ್ಟ. ಹಾಗಾಗಿ ಪ್ರಶ್ನೆಯನ್ನೇ ಬದಲಾಯಿಸಿ. ಎಷ್ಟಿವೆ ಅನ್ನುವುದು ಬಿಡಿ, ಎಲ್ಲೆಲ್ಲಿ ಓಡಾಡುತ್ತವೆ ನೋಡಿ. ಜಾಗವನ್ನು ಚೌಕಗಳಾಗಿ ಮಾಡಿ, ಪ್ರತಿ ಚೌಕದಲ್ಲೂ ಹಿಕ್ಕೆ, ಹೆಜ್ಜೆ ಹುಡುಕಿ. ಒಂದೇ ಸಲ ಹೋಗಿ 'ಇಲ್ಲ' ಎಂದು ಬರೆಯಬೇಡಿ, ಅದೇ ಚೌಕಕ್ಕೆ ಮೂರ್ನಾಲ್ಕು ಸಲ ಹೋಗಿ. ಚಿಂಕಾರ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತದೆ, ಹಳೆಯ ಬಿಳಿಚಿದ ಹಿಕ್ಕೆಯ ಮೇಲೆ ಹೊಸ ಕಪ್ಪು ಹಿಕ್ಕೆ ಬಿದ್ದಿರುತ್ತದೆ. ಕುರಿ ಹಿಕ್ಕೆ ಜೊತೆ ಗೊಂದಲವಾದರೆ ಅಲ್ಲಿನ ಕುರಿಗಾಹಿಗಳನ್ನು ಕೇಳಿ. ಅವರಿಗೆ ನಮಗಿಂತ ಜಾಸ್ತಿ ಗೊತ್ತು.

ಕೋಡು ಇದ್ದದ್ದನ್ನೆಲ್ಲ ಗಂಡು ಎಂದು ಬರೆಯುವುದನ್ನೂ ನಿಲ್ಲಿಸಿ. ಚಿಂಕಾರದಲ್ಲಿ ಹೆಣ್ಣಿಗೂ ಸಣ್ಣ, ತೆಳು ಕೋಡು ಇರುತ್ತದೆ. ಕೋಡಿಲ್ಲದ ಹೆಣ್ಣು ಕೃಷ್ಣಮೃಗದಲ್ಲಿ.

ಅಂದ ಹಾಗೆ, ಪರವಾನಗಿ ತೆಗೆದುಕೊಂಡಿದ್ದಿರಾ? ಅಭಯಾರಣ್ಯದೊಳಗೆ ಅಧ್ಯಯನ ಮಾಡಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಕಾಲೇಜಿನ ಪತ್ರ ಸಾಲದು.

ಪ್ರಶ್ನೆ: ನಮ್ಮ ಹೊಲದ ಹತ್ತಿರ ತೋಳ ಮರಿ ಹಾಕಿದೆ. ಫೋಟೊ ತೆಗೆದು ಲೊಕೇಶನ್ ಹಾಕಬಹುದೇ? (ಬೀಳಗಿ)

ಉತ್ತರ: ಬೇಡವೇ ಬೇಡ. ಜನ ಸುಳಿದರೆ ತಾಯಿ ಮರಿಗಳನ್ನು ಬೇರೆ ಕಡೆ ಒಯ್ಯುತ್ತದೆ, ಆ ಓಡಾಟದಲ್ಲಿ ಮರಿಗಳು ನಾಯಿಗಳ ಬಾಯಿಗೆ ಸಿಗಬಹುದು. ಅರಣ್ಯ ಇಲಾಖೆಗೆ ಮಾತ್ರ ತಿಳಿಸಿ.

ಪ್ರಶ್ನೆ: ಎರಡು ತಲೆ ಹಾವು ಮನೆಯಲ್ಲಿದ್ದರೆ ದುಡ್ಡು ಬರುತ್ತದಂತೆ, ನಿಜವೇ? (ವಿಜಯಪುರ)

ಉತ್ತರ: ಶುದ್ಧ ಸುಳ್ಳು. ಅದು ಮಣ್ಣುಮುಕ್ಕ, ಎರಡನೇ ತಲೆ ಎನ್ನುವುದು ಅದರ ಮೊಂಡು ಬಾಲ. ಇಟ್ಟುಕೊಳ್ಳುವುದೂ ಮಾರುವುದೂ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಪ್ರಶ್ನೆ: ಉಡದ ಎಣ್ಣೆಯಿಂದ ಮಂಡಿನೋವು ಹೋಗುತ್ತದೆಯೇ? (ಗೋಕಾಕ)

ಉತ್ತರ: ಹೋಗುವುದಿಲ್ಲ. ಸಂತೆಯಲ್ಲಿ ಅದನ್ನು ಮಾರುವವರು ನಿಮ್ಮ ನೋವಿನ ಮೇಲೆ ದುಡ್ಡು ಮಾಡುತ್ತಿದ್ದಾರೆ. ಮೂಳೆ ಡಾಕ್ಟರ ಹತ್ತಿರ ಹೋಗಿ, ಮಾರುವವರ ಬಗ್ಗೆ ಅರಣ್ಯ ಇಲಾಖೆಗೆ ಹೇಳಿ.