ಆಟಿಸಂ ಇರುವ ಮಕ್ಕಳಿಗೆ ಶಾಲೆಯಲ್ಲೇ ಆಟದ ಥೆರಪಿ: ಖರ್ಚಿಗೆ ತಕ್ಕ ಫಲ ಇದೆಯೇ?

ಪ್ರಶ್ನೆ ಶಿರಾ ಕಡೆಯ ಸರ್ಕಾರಿ ಶಾಲೆಯದು: ಆಟಿಸಂ ಇರುವ ಮಕ್ಕಳಿಗೆ ಲೆಗೊ (ಒಂದಕ್ಕೊಂದು ಸಿಕ್ಕಿಸುವ ಪ್ಲಾಸ್ಟಿಕ್ ಇಟ್ಟಿಗೆ) ಆಟ ಆಡಿಸಲು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ, ದುಡ್ಡು ಹಾಕಬಹುದೇ? ಹಾಕಬಹುದು. ಆದರೆ ಇಲ್ಲಿ ದುಬಾರಿ ಆಗೋದು ಇಟ್ಟಿಗೆ ಅಲ್ಲ, ಮೇಷ್ಟ್ರ ಸಮಯ.

ಇಂಗ್ಲೆಂಡಿನ 98 ಶಾಲೆಗಳ 250 ಮಕ್ಕಳ ಮೇಲೆ ನಡೆದ ಐ-ಸೋಶಿಯಲೈಸ್ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ವಾರಕ್ಕೊಮ್ಮೆ 45 ನಿಮಿಷದಂತೆ 12 ವಾರ ಈ ಆಟ ಆಡಿಸಿದರು. ಬೆರೆಯುವ ಕೌಶಲದಲ್ಲಿ ಸಿಕ್ಕಿದ್ದು ಸಣ್ಣ ಸುಧಾರಣೆ, ಖರ್ಚೂ ಕಡಿಮೆ. ಪವಾಡ ನಿರೀಕ್ಷಿಸಬೇಡಿ.

ಲೆಕ್ಕ ಹೀಗೆ: ಮೂವರು ಮಕ್ಕಳ ಗುಂಪಿಗೆ ಮೇಷ್ಟ್ರ ಸಮಯ ಒಟ್ಟು 9 ಗಂಟೆ, ಅಂದರೆ ತಲೆಗೆ ಮೂರೇ ಗಂಟೆ. ಥೆರಪಿಗೆಂದು ವಾರವಾರ ಮಗುವನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಕರೆದೊಯ್ದು ಒಂದು ದಿನದ ಕೂಲಿ ಕಳೆದುಕೊಳ್ಳುವ ತಾಯಿಗೆ ಇದು ಬಹಳ ದೊಡ್ಡ ಉಳಿತಾಯ.

ಆಟ ಹೀಗೆ: ಮೂವರಲ್ಲಿ ಒಬ್ಬ ಎಂಜಿನಿಯರ್, ಒಬ್ಬ ಸಾಮಾನು ಕೊಡುವವ, ಒಬ್ಬ ಕಟ್ಟುವವ. ಏನು ಕಟ್ಟಬೇಕೆಂದು ತೋರಿಸುವ ಚಿತ್ರದ ಹಾಳೆ ಎಂಜಿನಿಯರ್ ಕೈಲಿ ಮಾತ್ರ ಇರಬೇಕು. 'ಕೆಂಪು, ನಾಲ್ಕು ಗುಬ್ಬಿಯದು' (ಗುಬ್ಬಿ ಅಂದರೆ ಇಟ್ಟಿಗೆ ಮೇಲಿನ ಉಬ್ಬು) ಅಂತ ಅವನು ಹೇಳಬೇಕು ಅಥವಾ ಚಿತ್ರಕಾರ್ಡು ತೋರಿಸಬೇಕು, ಇನ್ನೊಬ್ಬ ಹುಡುಕಿ ಕೊಡಬೇಕು. ಆಮೇಲೆ ಪಾತ್ರ ಅದಲುಬದಲು.

ಕೆಡುವುದು ಎಲ್ಲಿ? ಜಗಳ ಆದ ತಕ್ಷಣ ಮೇಷ್ಟ್ರೇ ತುಂಡು ಎತ್ತಿಕೊಟ್ಟರೆ ಮಾತೇ ಹುಟ್ಟೋದಿಲ್ಲ. 'ಎಂಜಿನಿಯರ್‌ನ ಕೇಳಪ್ಪ' ಅಂತ ಹೇಳಿ ಕಾಯಿರಿ. ಬಿಸಿಯೂಟದ ಗದ್ದಲದ ಹೊತ್ತು ಬೇಡ. ಸಮೀಕ್ಷೆ ಕೆಲಸಕ್ಕೆ ಮೇಷ್ಟ್ರು ಹೋದರೆ ಆಟ ನಿಲ್ಲುತ್ತದೆ, ಹಾಗಾಗಿ ಇಬ್ಬರನ್ನು ತಯಾರು ಮಾಡಿ. ತಾಲ್ಲೂಕಿನ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವ ಸಂಪನ್ಮೂಲ ಶಿಕ್ಷಕರು) ಅವರನ್ನು ಮೊದಲೇ ಸೇರಿಸಿಕೊಳ್ಳಿ. ಮಾತು ಇಲ್ಲವೆಂದು ಯಾವ ಮಗುವನ್ನೂ ಹೊರಗಿಡಬೇಡಿ.