ಹಿರಿಯರಿಗೆ ಮುನ್ನೆಚ್ಚರಿಕೆಯ ಆರೋಗ್ಯ ಭೇಟಿ: ಪ್ಯಾಕೇಜಿನಲ್ಲಿ ಏನಿರಬೇಕು, ದಿನಕ್ಕೆ ಎಷ್ಟು ಮಂದಿ ಬರಬೇಕು?

ನೀವು ಆಸ್ಪತ್ರೆಯ ವಾರ್ಡುಗಳಲ್ಲಿ ಹತ್ತು ವರ್ಷ ನರ್ಸ್ ಆಗಿ ಕೆಲಸ ಮಾಡಿದ್ದೀರಿ. ಈಗ ಒಬ್ಬ ವೈದ್ಯರೊಡನೆ ಸೇರಿ, 65 ದಾಟಿದವರಿಗಾಗಿ ಮುನ್ನೆಚ್ಚರಿಕೆಯ ಆರೋಗ್ಯ ಭೇಟಿಗಳ ಸೇವೆಯನ್ನು ಸ್ವಂತವಾಗಿ ಆರಂಭಿಸಬೇಕೆಂದಿದ್ದೀರಿ. ಪ್ಯಾಕೇಜಿನಲ್ಲಿ ಯಾವ ಪರೀಕ್ಷೆಗಳಿರಬೇಕು, ದಿನಕ್ಕೆ ಎಷ್ಟು ಮಂದಿ ಬಂದರೆ ಹಾಕಿದ ಖರ್ಚು ಗಿಟ್ಟುತ್ತದೆ ಎಂಬುದು ನಿಮ್ಮ ಪ್ರಶ್ನೆ. ನಾನು ವೈದ್ಯೆ, ಇಂಥದೇ ಒಂದು ಚಿಕ್ಕ ಸೇವೆಯನ್ನು ಒಂಬತ್ತು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ಎರಡನೆಯ ಪ್ರಶ್ನೆಗೆ ಕೊನೆಯಲ್ಲಿ ಲೆಕ್ಕ ಕೊಡುತ್ತೇನೆ. ಮೊದಲನೆಯದಕ್ಕೆ ಮಾತ್ರ ನೀವು ಕೇಳಿದ ರೀತಿಯಲ್ಲಿ ಉತ್ತರಿಸಲಾರೆ, ಏಕೆಂದರೆ ಪರೀಕ್ಷೆಗಳ ಪಟ್ಟಿ ಹಿಡಿದುಕೊಂಡು ಹೊರಟದ್ದೇ ನಾನು ಮಾಡಿದ ದೊಡ್ಡ ತಪ್ಪು.

ಮೊದಲ ವರ್ಷ ನಮ್ಮ ಪ್ಯಾಕೇಜಿನಲ್ಲಿ ನಲವತ್ತು ರಕ್ತ ಮತ್ತು ಮೂತ್ರ ಪರೀಕ್ಷೆಗಳಿದ್ದವು. ಪಟ್ಟಿ ಉದ್ದವಾದಷ್ಟೂ ಹಣ ಕೊಡುವವರಿಗೆ ಲಾಭವೆನ್ನಿಸುತ್ತದೆ, ನಿಜ. ಆದರೆ ಲ್ಯಾಬಿನ ವರದಿಯಲ್ಲಿ ಕಾಣುವ ಸಾಮಾನ್ಯ ಮಿತಿಯನ್ನು ಬಹಳಷ್ಟು ಪರೀಕ್ಷೆಗಳಲ್ಲಿ ಗೊತ್ತುಮಾಡಿರುವುದೇ ಆರೋಗ್ಯವಂತರಲ್ಲಿ ಶೇಕಡ 95 ಮಂದಿ ಅದರೊಳಗೆ ಬರುವಂತೆ. ಹಾಗಾಗಿ ಯಾವ ಕಾಯಿಲೆಯೂ ಇಲ್ಲದವರ ಅಂಕಿ ಕೂಡ ಇಪ್ಪತ್ತರಲ್ಲಿ ಒಂದು ಸಲ ದಪ್ಪಕ್ಷರದಲ್ಲಿ ಅಚ್ಚಾಗಿ ಬರುತ್ತದೆ. ಪರೀಕ್ಷೆಗಳು ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಹಿಡಿದರೆ, ನಲವತ್ತರಲ್ಲಿ ಒಂದಾದರೂ ಮಿತಿ ಮೀರುವ ಸಂಭವ ಶೇಕಡ 87ರಷ್ಟು. ಆ ವರ್ಷದ ನನ್ನ ಸಂಜೆಗಳೆಲ್ಲ ಆ ದಪ್ಪಕ್ಷರಗಳಿಂದ ಗಾಬರಿಯಾದವರ ಫೋನ್ ಕರೆಗಳಿಗೆ ಸಮಾಧಾನ ಹೇಳುವುದರಲ್ಲೇ ಕಳೆದುಹೋದವು. ಅದೇ ಹೊತ್ತಿನಲ್ಲಿ, ಎಲ್ಲ ಅಂಕಿಗಳೂ ಚೊಕ್ಕಟವಾಗಿದ್ದ ಹಿರಿಯರೊಬ್ಬರು ನಮ್ಮಲ್ಲಿಗೆ ಬಂದುಹೋದ ಮೂರನೆಯ ವಾರದಲ್ಲಿ, ರಾತ್ರಿ ಶೌಚಾಲಯಕ್ಕೆಂದು ಎದ್ದವರು ಬಿದ್ದು ಸೊಂಟದ ಕೀಲಿನ ಮೂಳೆ ಮುರಿದುಕೊಂಡರು. ಅದಕ್ಕೆ ಮುಂಚಿನ ಆರು ತಿಂಗಳಲ್ಲಿ ಅವರು ಎರಡು ಬಾರಿ ಬಿದ್ದಿದ್ದರಂತೆ. ನಾವು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಸಾಮಾನ್ಯ ಆರೋಗ್ಯ ತಪಾಸಣೆಗಳಿಂದ ಸಾವಿನ ಪ್ರಮಾಣ ಇಳಿಯುತ್ತದೆಯೇ ಎಂಬುದನ್ನು ವೈದ್ಯಕೀಯ ಸಂಶೋಧನೆಗಳನ್ನು ಒಟ್ಟಿಗೆ ತೂಗಿನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯೊಂದು 17 ಪ್ರಯೋಗಗಳನ್ನು, ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ಪರಿಶೀಲಿಸಿತು. 2019ರ ಪರಿಷ್ಕೃತ ಆವೃತ್ತಿಯ ಪ್ರಕಾರ ಪರಿಣಾಮ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಈ ಕ್ಷೇತ್ರಕ್ಕೆ ಇಳಿಯುವವರು ಇದನ್ನು ತಿಳಿದೇ ಇಳಿಯಬೇಕು. ಆದರೆ ಆ ವಿಮರ್ಶೆ ಹಿರಿಯರಿಗಾಗಿಯೇ ನಡೆಸಿದ ಪ್ರಯೋಗಗಳನ್ನು ಬೇಕೆಂದೇ ಹೊರಗಿಟ್ಟಿತ್ತು ಎಂಬುದನ್ನೂ ಜೊತೆಯಲ್ಲೇ ಓದಿಕೊಳ್ಳಿ. ವಯಸ್ಸಾದವರಲ್ಲಿ ಹುಡುಕಬೇಕಾದದ್ದು ಬಚ್ಚಿಟ್ಟುಕೊಂಡಿರುವ ಕಾಯಿಲೆಗಿಂತ ಹೆಚ್ಚಾಗಿ ಕುಗ್ಗುತ್ತಿರುವ ಶಕ್ತಿಯನ್ನು. ವಿಶ್ವ ಆರೋಗ್ಯ ಸಂಸ್ಥೆ ಹಿರಿಯರ ಸಮಗ್ರ ಆರೈಕೆಗಾಗಿ 2019ರಲ್ಲಿ ಹೊರತಂದ ಕೈಪಿಡಿಯಲ್ಲಿ ಮೊದಲು ನೋಡಿರೆಂದು ಹೇಳುವುದು ನೆನಪು, ನಡಿಗೆ, ಪೋಷಣೆ, ದೃಷ್ಟಿ, ಶ್ರವಣ ಮತ್ತು ಮನಸ್ಸಿನ ಸ್ಥಿತಿ ಎಂಬ ಆರನ್ನು. ಇವುಗಳಲ್ಲಿ ಒಂದಕ್ಕೂ ಸೂಜಿ ಚುಚ್ಚಬೇಕಾಗಿಲ್ಲ.

ನಮ್ಮ ಭೇಟಿ ಈಗ ಮಾತ್ರೆಗಳ ಚೀಲದಿಂದ ಆರಂಭವಾಗುತ್ತದೆ. ಮನೆಯಲ್ಲಿರುವ ಮಾತ್ರೆ, ಸಿರಪ್, ಮುಲಾಮು, ಕಣ್ಣಿನ ಹನಿ, ಚೀಟಿಯಿಲ್ಲದೆ ತಾವೇ ಅಂಗಡಿಯಿಂದ ತಂದದ್ದು, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬರಲು ಹೇಳಿ, ಮೇಜಿನ ಮೇಲೆ ಸುರಿಸುತ್ತೇವೆ. 78 ವರ್ಷದ ಒಬ್ಬ ತಾಯಿ ತಂದ ಚೀಲದಲ್ಲಿ ಹನ್ನೊಂದು ಬಗೆಯ ಔಷಧಗಳಿದ್ದವು. ಒಂದು ಶೀಟು ಕೆಂಪು, ಇನ್ನೊಂದು ಬೆಳ್ಳಿಯ ಬಣ್ಣದ್ದು. ಹೆಸರು ಬೇರೆ, ಬರೆದುಕೊಟ್ಟ ವೈದ್ಯರು ಬೇರೆ. ನಮ್ಮ ನರ್ಸ್ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ಹಿಂಬದಿಯ ಸಣ್ಣಕ್ಷರಗಳನ್ನು ಓದಿದಾಗ ಎರಡರಲ್ಲೂ ಇದ್ದದ್ದು ರಕ್ತದೊತ್ತಡದ ಅದೇ ಔಷಧ, ಆಮ್ಲೋಡಿಪಿನ್. ಅದರ ಪ್ರಮಾಣ ಹೆಚ್ಚಾದಂತೆ ಪಾದ ಊದಿಕೊಳ್ಳುವುದು ಸಾಮಾನ್ಯ, ಅವರಿಗೂ ಊದಿಕೊಂಡಿತ್ತು. ಆ ಊತಕ್ಕೆಂದು ಮೂರನೆಯ ವೈದ್ಯರು ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟಿದ್ದರು, ಅದರಿಂದಾಗಿ ಆಕೆ ರಾತ್ರಿ ನಾಲ್ಕು ಬಾರಿ ಎದ್ದು ಕತ್ತಲಲ್ಲಿ ನಡೆಯುತ್ತಿದ್ದರು, ನಿದ್ದೆಯಿಲ್ಲವೆಂದು ನಿದ್ದೆಯ ಮಾತ್ರೆಯೂ ಸೇರಿಕೊಂಡಿತ್ತು. ಮೂವರು ವೈದ್ಯರಲ್ಲಿ ಯಾರದೂ ಅಜಾಗರೂಕತೆಯೆನ್ನಲು ನನಗೆ ಮನಸ್ಸಿಲ್ಲ. ಹನ್ನೊಂದನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವಷ್ಟು ಸಮಯ ಅವರಲ್ಲಿ ಯಾರಿಗೂ ಸಿಕ್ಕಿರಲಿಲ್ಲ, ಅಷ್ಟೆ. ಹಿರಿಯರಿಗೆ ಯಾವ ಔಷಧಗಳು ಒಗ್ಗುವುದಿಲ್ಲ ಎಂಬ ಬಿಯರ್ಸ್ ಪಟ್ಟಿ 1991ರಿಂದ ಇದೆ, ಅಮೆರಿಕದ ವೃದ್ಧವೈದ್ಯರ ಸಂಘ ಅದನ್ನು 2023ರಲ್ಲಿ ಪರಿಷ್ಕರಿಸಿದೆ. ನೆಗಡಿಗೂ ನಿದ್ದೆಗೂ ಸಲೀಸಾಗಿ ನುಂಗುವ ಹಳೆಯ ಅಲರ್ಜಿ ಮಾತ್ರೆಗಳು ವಯಸ್ಸಾದವರಲ್ಲಿ ಮಂಕು ಕವಿಸುತ್ತವೆ, ಮೂತ್ರ ಕಟ್ಟಿಸುತ್ತವೆ ಎಂಬುದು ಅದನ್ನು ಓದಿದವರಿಗೆ ಗೊತ್ತಿರುತ್ತದೆ. ಒಬ್ಬ ಒಳ್ಳೆಯ ಫಾರ್ಮಸಿಸ್ಟನ್ನು ವಾರಕ್ಕೆ ಎರಡು ಗಂಟೆಯಾದರೂ ನಿಮ್ಮ ಜೊತೆ ಇರಿಸಿಕೊಳ್ಳಿ. ಇನ್ನೊಂದು ಯಂತ್ರ ಕೊಳ್ಳುವುದಕ್ಕಿಂತ ಅದು ಲೇಸು.

ಚೀಲದ ನಂತರ ರಕ್ತದೊತ್ತಡ. ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ ಒಂದನೆಯ ನಿಮಿಷಕ್ಕೆ ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ ಅಳೆಯಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅವರು ಎದ್ದಾಗಲೆಲ್ಲ ಬೀಳುವ ಅಪಾಯದಲ್ಲಿದ್ದಾರೆ. ಕುಳ್ಳಿರಿಸಿ ಮಾತ್ರ ಅಳೆಯುವ ತಪಾಸಣೆಯಲ್ಲಿ ಇದು ಎಂದಿಗೂ ಸಿಗುವುದಿಲ್ಲ. ಆಮೇಲೆ ಕೈಯಿರುವ ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳುವ ಪರೀಕ್ಷೆ. ಹನ್ನೆರಡು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಾದರೆ ಎಚ್ಚರಿಕೆಯ ಗಂಟೆ, ಆದರೆ ಕೈಯಲ್ಲಿರುವ ಗಡಿಯಾರಕ್ಕಿಂತ ಅವರ ಪಾದಗಳ ಮೇಲೆ ನಿಮ್ಮ ಕಣ್ಣಿರಲಿ: ತಿರುಗುವಾಗ ಎಷ್ಟು ಚಿಕ್ಕ ಹೆಜ್ಜೆಗಳನ್ನಿಡುತ್ತಾರೆ, ಯಾವುದನ್ನಾದರೂ ಹಿಡಿಯಲು ಕೈ ಚಾಚುತ್ತಾರೆಯೇ ಎಂಬುದರಲ್ಲಿ ಅಂಕಿಗಿಂತ ಹೆಚ್ಚು ವಿಷಯವಿರುತ್ತದೆ. ನೆನಪಿಗೆ ಮೂರು ಪದಗಳನ್ನು ಹೇಳಿ, ಗಡಿಯಾರವೊಂದನ್ನು ಬರೆಸಿ, ಪದಗಳನ್ನು ಮತ್ತೆ ಕೇಳುವ ಮೂರು ನಿಮಿಷದ ಮಿನಿ-ಕಾಗ್ ಸಾಕು. ಐದರಲ್ಲಿ ಮೂರಕ್ಕಿಂತ ಕಡಿಮೆ ಬಂದವರಿಗೆ ಕೂಲಂಕಷ ಪರೀಕ್ಷೆ ಬೇಕು, ಆದರೆ ಆ ಅಂಕವನ್ನೇ ರೋಗನಿರ್ಣಯವೆಂದು ಮನೆಯವರೆದುರು ಹೇಳಬೇಡಿ. ಕಿವಿಯೊಳಗೆ ಮೊದಲು ನೋಡಿ. ಮರೆವು ಎಂದು ಕರೆತಂದವರಲ್ಲಿ ಗುಗ್ಗೆ ತೆಗೆದ ಮೇಲೆ ಸರಿಯಾಗಿ ಉತ್ತರಿಸತೊಡಗಿದವರನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ. ತೂಕ, ಲಸಿಕೆಗಳ ವಿವರ, ಕಣ್ಣು, ಪಾದದ ಉಗುರು ಇವೆಲ್ಲ ಹೇಗೂ ನಿಮಗೆ ಗೊತ್ತಿರುವಂಥವೇ. ಪ್ರಯತ್ನಪಡದೆ ಆರರಿಂದ ಹನ್ನೆರಡು ತಿಂಗಳಲ್ಲಿ ಶೇಕಡ 5 ತೂಕ ಇಳಿದಿದ್ದರೆ ಮಾತ್ರ ಬಿಡಬೇಡಿ.

ಭೇಟಿಯ ಹದಿನೈದು ನಿಮಿಷವಾದರೂ ಹಿರಿಯರೊಬ್ಬರೇ ನಿಮ್ಮೊಡನೆ ಇರುವಂತೆ ನೋಡಿಕೊಳ್ಳಿ. ಮೂತ್ರ ತಡೆಯಲಾಗದಿರುವುದು, ಕುಡಿತ, ಬದುಕು ಸಾಕೆನಿಸಿರುವುದು, ಮನೆಯಲ್ಲಿ ಯಾರಾದರೂ ಗದರುವುದು ಅಥವಾ ಕೈಮಾಡುವುದು, ಇವು ಮಕ್ಕಳು ಪಕ್ಕದಲ್ಲಿ ಕುಳಿತಿರುವಾಗ ಹೊರಬರುವ ಮಾತುಗಳಲ್ಲ. ನಿಮ್ಮ ವ್ಯವಹಾರದ ನಿಜವಾದ ತೊಡಕೂ ಇಲ್ಲೇ ಇದೆ. ಹಣ ಕೊಡುವವರು ಬಹುಮಟ್ಟಿಗೆ ಮಕ್ಕಳು, ನಿಮ್ಮೆದುರು ಕುಳಿತವರು ಪೋಷಕರು. ವರದಿಯನ್ನು ನೇರವಾಗಿ ತಮಗೇ ಕಳುಹಿಸಿರೆಂದು ಮಕ್ಕಳು ಕೇಳುತ್ತಾರೆ. ಏನನ್ನು, ಯಾರಿಗೆ ಹೇಳಬಹುದು ಎಂಬುದಕ್ಕೆ ಹಿರಿಯರ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆದು, ಅದನ್ನು ಹಣ ಪಡೆಯುವ ಮುನ್ನವೇ ಮಕ್ಕಳಿಗೆ ತಿಳಿಸುತ್ತೇವೆ. ಇದರಿಂದ ಕೆಲವರು ಹಿಂದೆ ಸರಿದದ್ದುಂಟು, ಅದಕ್ಕೆ ನನಗೆ ಬೇಸರವಿಲ್ಲ.

ಹಾಗಾದರೆ ಪರೀಕ್ಷೆಗಳೇ ಬೇಡವೇ ಎಂದು ನೀವು ಕೇಳಬಹುದು. ಬೇಕು, ಆದರೆ ವ್ಯಕ್ತಿಯನ್ನು ನೋಡಿ. 65 ದಾಟಿದ ಮಹಿಳೆಯರಿಗೆ ಮೂಳೆಯ ಸಾಂದ್ರತೆ, ಎಂದಾದರೂ ಧೂಮಪಾನ ಮಾಡಿದ 65ರಿಂದ 75ರೊಳಗಿನ ಗಂಡಸರಿಗೆ ಹೊಟ್ಟೆಯ ದೊಡ್ಡ ರಕ್ತನಾಳವಾದ ಮಹಾಪಧಮನಿ ಊದಿದೆಯೇ ಎಂದು ನೋಡುವ ಒಂದು ಅಲ್ಟ್ರಾಸೌಂಡ್, ಇವು ಅಮೆರಿಕದ ಮುನ್ನೆಚ್ಚರಿಕಾ ಸೇವೆಗಳ ಕಾರ್ಯಪಡೆ ಒಪ್ಪಿದಂಥವು. 70 ಆದ ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಗೆ ಮಾಡುವ ರಕ್ತಪರೀಕ್ಷೆ, ಅಂದರೆ ಪಿಎಸ್‌ಎ ತಪಾಸಣೆ ಬೇಡವೆಂದು 2018ರಲ್ಲಿ ಹೇಳಿದ್ದೂ ಅದೇ ಕಾರ್ಯಪಡೆ. ಎಲ್ಲಿ ನಿಲ್ಲಿಸಬೇಕು ಎಂದು ಹೇಳುವ ಧೈರ್ಯ ನಿಮಗಿದ್ದರೆ ಹಿರಿಯರು ನಿಮ್ಮನ್ನು ಬೇಗ ನಂಬುತ್ತಾರೆ. ಲ್ಯಾಬಿನಿಂದಲೋ ಸ್ಕ್ಯಾನಿಂಗ್ ಕೇಂದ್ರದಿಂದಲೋ ಕಮಿಷನ್ ಪಡೆಯುವ ಏರ್ಪಾಡು ಇದ್ದರೆ ಆ ಧೈರ್ಯ ಬರುವುದಿಲ್ಲ. ನಮಗೂ ಅಂಥ ಆಹ್ವಾನ ಬಂದಿತ್ತು, ಬೇಡವೆಂದೆವು.

ಭೇಟಿ ಮುಗಿದ ಮೇಲೆ ಬರೆದುಕೊಡುವ ಪತ್ರ ಒಂದು ಪುಟ ಮೀರಬಾರದು, ಅದರಲ್ಲಿ ಮಾಡಬೇಕಾದ ಕೆಲಸಗಳು ಮೂರಕ್ಕಿಂತ ಹೆಚ್ಚಿರಬಾರದು, ಪ್ರತಿ ಕೆಲಸದ ಎದುರು ಅದನ್ನು ಮಾಡುವವರ ಹೆಸರಿರಬೇಕು. ಎರಡನೆಯ ವಾರಕ್ಕೆ ಮತ್ತು ಆರನೆಯ ವಾರಕ್ಕೆ ಫೋನ್ ಮಾಡಿ ಆಯಿತೇ ಎಂದು ವಿಚಾರಿಸಬೇಕು. ಆ ಹಿರಿಯರ ಖಾಯಂ ವೈದ್ಯರಿಗೂ ಒಂದು ಪ್ರತಿ ಹೋಗಲಿ. ಔಷಧ ಬದಲಾಯಿಸುವುದು ಅವರ ಕೆಲಸ, ನೀವು ಅವರ ಎದುರಾಳಿಯಂತೆ ಕಂಡ ದಿನ ನಿಮ್ಮ ಸಲಹೆ ಕಸದ ಬುಟ್ಟಿ ಸೇರುತ್ತದೆ. ಎದೆನೋವು, ಹೊಸದಾಗಿ ಒಂದು ಬದಿ ಸೋತಿರುವುದು, ಸಾಯುವ ಯೋಚನೆ, ಇಂಥವು ಕಂಡರೆ ಅದೇ ದಿನ ಎಲ್ಲಿಗೆ, ಯಾರ ಜೊತೆ ಕಳುಹಿಸುತ್ತೀರಿ ಎಂಬುದನ್ನು ಬಾಗಿಲು ತೆರೆಯುವ ಮುನ್ನವೇ ಬರೆದಿಟ್ಟುಕೊಳ್ಳಿ. ನೋಂದಣಿ, ವೃತ್ತಿ ವಿಮೆ, ದಾಖಲೆಗಳ ಗೋಪ್ಯತೆಯ ನಿಯಮಗಳು ಎಲ್ಲ ಕಡೆಯೂ ಇವೆ, ವಕೀಲರೊಬ್ಬರಿಗೆ ಒಪ್ಪಿಸಿ.

ಭೇಟಿಯಲ್ಲಿ ಏನಿಲ್ಲ ಎಂಬುದನ್ನೂ ಮೊದಲೇ ಹೇಳಬೇಕು. ಅಮೆರಿಕ ಸರ್ಕಾರ ಹಿರಿಯರಿಗಾಗಿ ನಡೆಸುವ ಮೆಡಿಕೇರ್ ಎಂಬ ಆರೋಗ್ಯ ವಿಮಾ ವ್ಯವಸ್ಥೆ 2011ರಿಂದ ವರ್ಷಕ್ಕೊಂದು ಸ್ವಾಸ್ಥ್ಯ ಭೇಟಿಯನ್ನು ತನ್ನ ಖರ್ಚಿನಲ್ಲೇ ಕೊಡುತ್ತಿದೆ. ಅದು ಅಡಿಯಿಂದ ಮುಡಿಯವರೆಗಿನ ದೇಹಪರೀಕ್ಷೆಯಲ್ಲ, ಅಪಾಯಗಳನ್ನು ಕೇಳಿ ತಿಳಿದು ಮುನ್ನೆಚ್ಚರಿಕೆಯ ಯೋಜನೆ ಹಾಕಿಕೊಡುವ ಭೇಟಿ. ಅಲ್ಲಿ ಮಂಡಿನೋವಿಗೂ ಚಿಕಿತ್ಸೆ ಕೇಳಿದರೆ ಅದಕ್ಕೆ ಬೇರೆ ಬಿಲ್ ಬರಬಹುದು, ಉಚಿತವೆಂದು ಬಂದವರು ಆಗ ಸಿಟ್ಟಾಗುತ್ತಾರೆ. ನಿಮ್ಮ ಸೇವೆಗೂ ಇದೇ ಗತಿ ಕಾದಿದೆ, ಏನಿಲ್ಲ ಎಂಬುದನ್ನು ನಿಮ್ಮ ಸೇವೆಯ ಮಾಹಿತಿ ಚೀಟಿಯಲ್ಲಿ ದಪ್ಪಕ್ಷರದಲ್ಲೇ ಅಚ್ಚುಹಾಕಿಸಿ.

ಇನ್ನು ಲೆಕ್ಕ. ಒಂದು ಭೇಟಿಗೆ ಎಪ್ಪತ್ತು ನಿಮಿಷ, ಪತ್ರ ಮತ್ತು ದಾಖಲೆಗೆ ಇಪ್ಪತ್ತೈದು, ಆಮೇಲಿನ ಕರೆಗಳಿಗೆ ಇಪ್ಪತ್ತೈದು, ಒಟ್ಟು ಎರಡು ಗಂಟೆ. ಎಂಟು ಗಂಟೆಯ ದಿನದಲ್ಲಿ ಒಬ್ಬ ನರ್ಸ್ ನಾಲ್ವರನ್ನು ನೋಡಬಲ್ಲರು; ಮನೆಗೇ ಹೋಗುವುದಾದರೆ ಮೂವರನ್ನು. ಮನೆಭೇಟಿ ದುಬಾರಿಯಾದರೂ ಜಾರುವ ನೆಲ, ಮಂದ ದೀಪ, ಹಿಡಿಯಿಲ್ಲದ ಬಚ್ಚಲು ಕಾಣಸಿಗುವುದು ಅಲ್ಲೇ. ಡೆನ್ಮಾರ್ಕಿನಲ್ಲಿ ಸ್ಥಳೀಯ ಆಡಳಿತಗಳು ಹಿರಿಯರ ಮನೆಗೆ ಇಂಥ ಭೇಟಿ ನೀಡಬೇಕೆಂದು 1990ರ ದಶಕದಲ್ಲೇ ಕಾನೂನು ಮಾಡಿದ್ದಾರೆ. ವೈದ್ಯರು ಪ್ರತಿ ಭೇಟಿಯ ಕೊನೆಯ ಹತ್ತು ನಿಮಿಷ ಬಂದರೆ ಸಾಕು. ದಿನಕ್ಕೆ ನಾಲ್ವರಿಂದ ಸಂಬಳ, ಬಾಡಿಗೆ, ವಿಮೆಯ ಖರ್ಚು ಗಿಟ್ಟುವಂತೆ ದರವನ್ನು ಗೊತ್ತುಮಾಡಿ, ಭೇಟಿಗೊಂದು ದರಕ್ಕಿಂತ ಕರೆಗಳೂ ಸೇರಿದ ವಾರ್ಷಿಕ ಚಂದಾ ಇರಲಿ. ಖರ್ಚು ಗಿಟ್ಟದಿದ್ದರೆ ದರ ಏರಿಸಿ ಅಥವಾ ಬಾಡಿಗೆ ಇಳಿಸಿ. ಐದನೆಯವರನ್ನು ತುರುಕಿದರೆ ಮೊದಲು ಬಿಟ್ಟುಹೋಗುವುದು ಆರನೆಯ ವಾರದ ಫೋನ್ ಕರೆ. ಮೊದಲ ಮೂವತ್ತು ಮಂದಿಯಾದ ಕೂಡಲೇ ಹೊಸಬರನ್ನು ಒಂದು ವಾರ ನಿಲ್ಲಿಸಿ, ಪತ್ರದಲ್ಲಿ ಬರೆದುಕೊಟ್ಟ ಕೆಲಸಗಳಲ್ಲಿ ನಿಜವಾಗಿ ಆದವೆಷ್ಟು ಎಂದು ಎಣಿಸಿ. ನಾವು ಮೊದಲ ಬಾರಿ ಎಣಿಸಿದಾಗ ಬಹುಪಾಲು ಆಗಿರಲಿಲ್ಲ. ಸಲಹೆಗಳಲ್ಲಿ ತಪ್ಪಿರಲಿಲ್ಲ, ಪತ್ರ ನಾಲ್ಕು ಪುಟವಿತ್ತು, ಅಕ್ಷರಗಳು ಸಣ್ಣವಿದ್ದವು, ಕನ್ನಡಕವಿಲ್ಲದೆ ಯಾರಿಗೂ ಓದಲಾಗಿರಲಿಲ್ಲ.